ಬಳ್ಳಾರಿಯ ಬೇಸಿಗೆ ಬೇಸ್‌ಬಾಲ್ ಶಿಬಿರ: ಔಟ್‌ಫೀಲ್ಡ್ ಕಲಿಯೋಕೆ ಹೋಗಬಹುದಾ?

ನಮ್ಮ ಕಡೆ ಶಾಲೆಗಳಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ತಂಡ ಕಟ್ಟುವ ರೀತಿ ಎಲ್ಲ ಕಡೆ ಒಂದೇ. ಚೆನ್ನಾಗಿ ಎಸೆಯುವ ಹುಡುಗಿ ಪಿಚರ್. ಧೈರ್ಯ ಇರುವವಳು ಕ್ಯಾಚರ್. ಚುರುಕಾಗಿರುವವರು ಬೇಸ್ ಹತ್ತಿರ, ಅಂದರೆ ರನ್ ಗಳಿಸಲು ಮುಟ್ಟಿಕೊಂಡು ಓಡಬೇಕಾದ ಗುರುತುಗಳ ಹತ್ತಿರ. ಉಳಿದ ಮೂವರಿಗೆ "ನೀವು ಹಿಂದೆ ಹೋಗಿ ನಿಲ್ರಿ" ಅಂತ ಹೇಳುತ್ತಾರೆ, ಅಷ್ಟೇ. ಲೆಫ್ಟ್, ಸೆಂಟರ್, ರೈಟ್ ಅಂತ ಜಾಗ ತೋರಿಸಿದರೆ ಪಾಠ ಮುಗಿಯಿತು. ಪಂದ್ಯದಲ್ಲಿ ಚೆಂಡು ತಲೆ ಮೇಲೆ ಹೋಗಿ ಮೂರು ರನ್ ಬಂದಾಗ ಬೈಸಿಕೊಳ್ಳುವವರೂ ಆ ಮಕ್ಕಳೇ.

ನಾನು ಗಂಗಾವತಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ಇವೆ. ನಮ್ಮ ಹೆಣ್ಣುಮಕ್ಕಳು ಎರಡನ್ನೂ ಆಡುತ್ತಾರೆ. ಬ್ಯಾಟಿಂಗ್ ಕಲಿಸುವವರು ಸಿಗುತ್ತಾರೆ, ಪಿಚಿಂಗ್ ಕಲಿಸುವವರೂ ಹುಡುಕಿದರೆ ಸಿಗುತ್ತಾರೆ. ಔಟ್‌ಫೀಲ್ಡ್, ಅಂದರೆ ಆ ಹಿಂದಿನ ಮೂರು ಜಾಗದ ಆಟ, ಅದೊಂದನ್ನೇ ಕೂತು ಕಲಿಸುವವರು ಸಿಗುವುದಿಲ್ಲ. ಬಳ್ಳಾರಿಯಲ್ಲಿ ಬೇಸಿಗೆ ರಜೆಗೆ ಎರಡು ವಾರ ಅದನ್ನೇ ಕಲಿಸುತ್ತಾರೆ ಎಂದು ಗೊತ್ತಾದ ಕೂಡಲೇ ಹೆಸರು ಕೊಟ್ಟೆ. ಕೌಲ್ ಬಜಾರ್‌ನಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ, ಉಳಿಯುವ ಚಿಂತೆ ಇರಲಿಲ್ಲ.

ಮೊದಲು ವ್ಯವಹಾರದ ಮಾತು. ಶುಲ್ಕ 1,500 ರೂಪಾಯಿ. ಬೆಳಿಗ್ಗೆ 6ರಿಂದ 8.30. ಕಂಟೋನ್ಮೆಂಟ್ ಕಡೆಯ ಒಂದು ಮೈದಾನ. ಗ್ಲೌಸ್, ಚೆಂಡು ಅವರೇ ಕೊಡುತ್ತಾರೆ. ಹೈಸ್ಕೂಲು ಮಕ್ಕಳು, ಕಾಲೇಜು ಹುಡುಗರು, ನನ್ನಂಥ ಕೆಲವು ಶಿಕ್ಷಕರು, ಎಲ್ಲ ಒಂದೇ ಗುಂಪು. ಕಲಿಸುವವರು ಹಿಂದೆ ವಿಶ್ವವಿದ್ಯಾಲಯದ ತಂಡದಲ್ಲಿ ಸೆಂಟರ್ ಫೀಲ್ಡ್ ಆಡಿದವರು, ಬಳ್ಳಾರಿಯವರೇ. ದೊಡ್ಡವರಿಗೆ "ರೀ", ಮಕ್ಕಳಿಗೆ "ತಮ್ಮಾ", "ತಂಗಿ". ಒಮ್ಮೆಯೂ ದನಿ ಏರಿಸಲಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಶುಲ್ಕ ಇದಕ್ಕೇ ಕೊಡಬಹುದು.

ಇನ್ನು ಕಲಿಸಿದ ವಿಷಯ. ಮೊದಲ ಕೆಲವು ದಿನ ಯಾರಿಗೂ ಕ್ಯಾಚ್ ಹಿಡಿಯಲು ಬಿಡಲಿಲ್ಲ. ಹುಡುಗರಿಗೆ ಬೇಜಾರಾಯಿತು, ನನಗೆ ಖುಷಿಯಾಯಿತು. ಬರೀ ಪಾದ. ಪಿಚರ್ ಕೈಯಿಂದ ಚೆಂಡು ಬಿಡುವ ಹೊತ್ತಿಗೆ ಎರಡು ಸಣ್ಣ ಹೆಜ್ಜೆ ಮುಂದೆ ಬಂದು, ಮುಂಗಾಲಿನ ಮೇಲೆ ಭಾರ ಹಾಕಿ ನಿಲ್ಲಬೇಕು. ಆಮೇಲೆ ಸರ್ ಬಲಕ್ಕೋ ಎಡಕ್ಕೋ ಕೈ ತೋರಿಸುತ್ತಾರೆ. ಬಲಭುಜದ ಮೇಲಿಂದ ಹೋಗುವ ಚೆಂಡಾದರೆ ಬಲಗಾಲನ್ನು ಹಿಂದಕ್ಕೆ ತೆಗೆದು, ಸೊಂಟ ತಿರುಗಿಸಿ, ಓಡಬೇಕು. ಎಡಕ್ಕಾದರೆ ಎಡಗಾಲು. ಇದಕ್ಕೆ ಡ್ರಾಪ್ ಸ್ಟೆಪ್ ಅಂತಾರೆ. ಮುಖ ಮುಂದಿಟ್ಟುಕೊಂಡು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುವಂತೆಯೇ ಇಲ್ಲ. ಹಾಗೆ ಹೋದರೆ ವೇಗ ಬರುವುದಿಲ್ಲ, ಹಿಮ್ಮಡಿ ನೆಲಕ್ಕೆ ಬಡಿದಾಗೆಲ್ಲ ಕಣ್ಣೆದುರು ಚೆಂಡು ಕುಣಿಯುತ್ತದೆ, ಕಾಲು ಎಡವಿದರೆ ತಲೆ ಹಿಂದಕ್ಕೆ ಬೀಳುತ್ತದೆ.

ಓಡುವಾಗ ಗ್ಲೌಸ್ ಚಾಚಿಕೊಂಡು ಓಡಬಾರದು ಎನ್ನುವುದು ಇನ್ನೊಂದು ಪಾಠ. ಕೈ ಎರಡೂ ಬೀಸಿ ಓಡು, ಕೊನೆಗೆ ಗ್ಲೌಸ್ ಎತ್ತು. ಕೇಳಲು ಸುಲಭ. ಆದರೆ ಚೆಂಡು ಮೇಲೆದ್ದ ಕೂಡಲೇ ಕೈ ತಾನಾಗಿಯೇ ಚಾಚಿಕೊಳ್ಳುತ್ತದೆ. ಸರ್ ಅದನ್ನು ಬಿಡಿಸಲು ಗ್ಲೌಸ್ ಕೊಡದೆ ಟೆನಿಸ್ ಬಾಲ್ ಎಸೆದು ಓಡಿಸಿದರು. ಈ ಅಭ್ಯಾಸಕ್ಕೆ ಏನೂ ಖರ್ಚಿಲ್ಲ. ಯಾವ ಶಾಲೆಯಲ್ಲಾದರೂ ನಾಳೆಯೇ ಶುರು ಮಾಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚೆಂಡು ಎಲ್ಲಿ ಬೀಳುತ್ತದೆ ಎಂದು ಓದುವ ಪಾಠ. ಇದನ್ನು ಇಷ್ಟು ಬಿಡಿಸಿ ಹೇಳಿದ್ದು ನಾನು ಬೇರೆ ಎಲ್ಲೂ ಕೇಳಿಲ್ಲ. ಸರ್ ಹೇಳಿದ್ದು ಹೀಗೆ. ನಿಂತಲ್ಲೇ ನಿಂತು ಚೆಂಡನ್ನು ನೋಡಿ. ಅದು ಕಣ್ಣೆದುರು ಮೇಲೇರುವ ವೇಗ ಜಾಸ್ತಿ ಆಗುತ್ತಾ ಹೋದರೆ ನಿಮ್ಮ ತಲೆ ಮೇಲಿಂದ ಹೋಗುತ್ತದೆ, ಹಿಂದೆ ಓಡಿ. ಏರುವುದು ನಿಧಾನವಾಗಿ, ಇಳಿಯುವ ಹಾಗೆ ಕಂಡರೆ ನಿಮ್ಮ ಮುಂದೆ ಬೀಳುತ್ತದೆ, ಮುಂದೆ ಓಡಿ. ಒಂದೇ ಸಮನೆ ಏರುತ್ತಿದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಸೆವಿಲ್ ಚಾಪ್‌ಮನ್ ಎಂಬ ಭೌತಶಾಸ್ತ್ರಜ್ಞರು 1968ರಲ್ಲೇ ಇದರ ಗಣಿತ ಬರೆದಿದ್ದಾರಂತೆ. ಕಣ್ಣಿಗೆ ಕಾಣುವ ಏರುಕೋನದ ಟ್ಯಾಂಜೆಂಟ್ ಸಮವೇಗದಲ್ಲಿ ಹೆಚ್ಚುತ್ತಿದ್ದರೆ ಚೆಂಡು ನಿಮ್ಮ ಕೈಗೇ ಬರುತ್ತದೆ ಎಂಬ ಲೆಕ್ಕ. ಹತ್ತನೇ ತರಗತಿ ಮಕ್ಕಳು ತ್ರಿಕೋನಮಿತಿ ಓದುತ್ತಾರೆ. ನಮ್ಮ ಶಾಲೆಯ ಗಣಿತ ಮೇಷ್ಟ್ರಿಗೆ ಹೇಳಿದೆ, ಅವರು ಬೋರ್ಡ್ ಮೇಲೆ ಬರೆದು ತೋರಿಸಿದರು. ಮಕ್ಕಳು ಅಷ್ಟು ಕಿವಿಗೊಟ್ಟು ಕೂತಿದ್ದನ್ನು ನೋಡಬೇಕಿತ್ತು.

ನೇರ ಎದೆಗೇ ಬರುವ ಹೊಡೆತವೇ ಕಷ್ಟ ಎನ್ನುವುದಕ್ಕೂ ಕಾರಣ ಇದೆ. ಪಕ್ಕಕ್ಕೆ ಹೋಗುವ ಚೆಂಡಿನ ಬಾಗು ನಮಗೆ ಕಾಣುತ್ತದೆ. ನೇರ ಬರುವುದರ ಬಾಗು ಕಾಣುವುದಿಲ್ಲ, ಬರೀ ಒಂದು ಬಿಳಿ ಚುಕ್ಕೆ. ಅನುಮಾನ ಇದ್ದರೆ ಮೊದಲ ಹೆಜ್ಜೆ ಹಿಂದಕ್ಕೇ ಇಡಿ ಎನ್ನುವುದು ಅವರ ನಿಯಮ. ಮುಂದೆ ಬೀಳುವ ಚೆಂಡಿನಿಂದ ಹೋಗುವುದು ಒಂದು ಬೇಸ್. ತಲೆ ದಾಟಿದ ಚೆಂಡಿನಿಂದ ಹೋಗುವುದು ಮೂರು.

ಇನ್ನೊಂದು ವಿಷಯ ನಮ್ಮ ಕ್ರಿಕೆಟ್ ಹುಡುಗರಿಗೆ ಹೊಸದಾಗಿತ್ತು. ಬಲಗೈ ಬ್ಯಾಟರ್ ರೈಟ್ ಫೀಲ್ಡ್ ಕಡೆ ಎತ್ತಿ ಹೊಡೆದ ಚೆಂಡು ಬಲಗೆರೆಯ ಕಡೆ ಸರಿಯುತ್ತದೆ. ಲೆಫ್ಟ್‌ಗೆ ಎಳೆದು ಹೊಡೆದದ್ದು ಎಡಗೆರೆಯ ಕಡೆ ಬಾಗುತ್ತದೆ. ಅಂದರೆ ಎರಡೂ ಕಡೆ ಚೆಂಡು ಮೈದಾನದ ಹೊರಗೆ ಓಡಲು ನೋಡುತ್ತದೆ. ಅದಕ್ಕೇ ಚೆಂಡು ಈಗ ಇರುವ ಜಾಗಕ್ಕೆ ಓಡಬಾರದು, ಅದಕ್ಕಿಂತ ಗೆರೆಯ ಕಡೆ ಓಡಬೇಕು.

ಬಳ್ಳಾರಿಯ ಬಿಸಿಲಿನ ವಿಚಾರ ಬರೆಯಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಏಳೂವರೆಗೇ ಬಿಸಿಲು ಚುರುಗುಟ್ಟುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ. ಮೋಡ ಇಲ್ಲದ ಆಕಾಶದಲ್ಲಿ ಚೆಂಡಿನ ದೂರ ಅಳೆಯುವುದು ಬಹಳ ಕಷ್ಟ, ಹಿಂದೆ ಹೋಲಿಸಿ ನೋಡಲು ಏನೂ ಇರುವುದಿಲ್ಲವಲ್ಲ. ಬೇಸ್‌ಬಾಲ್ ನಿಯಮ ಪುಸ್ತಕ ಮೈದಾನದ ದಿಕ್ಕಿನ ಬಗ್ಗೆಯೂ ಸಲಹೆ ಕೊಡುತ್ತದೆ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ಸೆಕೆಂಡ್ ಬೇಸ್ ಕಡೆಗಿನ ಗೆರೆ ಪೂರ್ವ-ಈಶಾನ್ಯಕ್ಕೆ ಇದ್ದರೆ ಒಳ್ಳೆಯದು ಎನ್ನುತ್ತದೆ. ಹಾಗಿದ್ದರೆ ಸಂಜೆ ಪಂದ್ಯದಲ್ಲಿ ಸೂರ್ಯ ಬ್ಯಾಟರ್ ಬೆನ್ನಿಗಿರುತ್ತಾನೆ, ಔಟ್‌ಫೀಲ್ಡರ್‌ಗಳ ಮುಖಕ್ಕೆ ಬರುತ್ತಾನೆ. ಈ ಶಿಬಿರ ಬೆಳಿಗ್ಗೆ ನಡೆಯುವುದರಿಂದ ಸರ್ ಕೊನೆಯ ಅರ್ಧ ಗಂಟೆ ಪ್ಲೇಟನ್ನೇ ತಿರುಗಿಸಿ ಇಡುತ್ತಿದ್ದರು. ಆಗ ಸೂರ್ಯ ನಮ್ಮ ಕಣ್ಣಿಗೆ ನೇರ. ಗ್ಲೌಸನ್ನು ಮೊದಲೇ ಎತ್ತಿ ಸೂರ್ಯನಿಗೆ ಅಡ್ಡ ಹಿಡಿಯಬೇಕು, ಮೈ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಗ್ಲೌಸಿನ ಕೆಳಗಿಂದ ಚೆಂಡನ್ನು ಹುಡುಕಬೇಕು. ಕಣ್ಣು ಕುಕ್ಕಿದ ಮೇಲೆ ಎತ್ತಿದರೆ ಪ್ರಯೋಜನ ಇಲ್ಲ. ಬೇರೆ ಊರಿನ ಶಿಬಿರದಲ್ಲಿ ಈ ಪಾಠ ಇಷ್ಟು ಚೆನ್ನಾಗಿ ಆಗಲಿಕ್ಕಿಲ್ಲ. ಬಳ್ಳಾರಿಯ ಬಿಸಿಲು ಇಲ್ಲಿ ಕೆಲಸಕ್ಕೆ ಬಂತು.

ನೆಲವೂ ಹಾಗೇ. ಹುಲ್ಲಿಲ್ಲ, ಗಟ್ಟಿ ಮಣ್ಣು, ಅಲ್ಲಲ್ಲಿ ಗರಸು. ಉರುಳಿ ಬರುವ ಚೆಂಡು ಎಲ್ಲಿ ಪುಟಿಯುತ್ತದೋ ಹೇಳಲಾಗುವುದಿಲ್ಲ. ಬೇಸ್ ಮೇಲೆ ಯಾರೂ ಇಲ್ಲದಿದ್ದರೆ ಒಂದು ಮೊಣಕಾಲು ಊರಿ ಮೈ ಅಡ್ಡ ಹಾಕಿ, ಚೆಂಡು ಹಿಂದೆ ಹೋಗದಂತೆ ನೋಡಿ. ರನ್ನರ್ ಹೋಮ್‌ಗೆ ಓಡುತ್ತಿದ್ದರೆ ಅಷ್ಟು ಹೊತ್ತು ಇಲ್ಲ, ಓಡುತ್ತಲೇ ಎಡಗಾಲಿನ ಹೊರಗೆ ಗ್ಲೌಸಿನಿಂದ ಬಾಚಿಕೊಂಡು ಎಸೆಯಿರಿ. ಯಾವಾಗ ಯಾವುದು ಎಂದು ಚೆಂಡು ಬರುವ ಮೊದಲೇ ತೀರ್ಮಾನ ಆಗಿರಬೇಕು. ಪ್ರತಿ ಹೊಡೆತಕ್ಕೂ ಮುಂಚೆ ಸರ್ ಕೂಗಿ ಕೇಳುತ್ತಿದ್ದರು: "ಎಷ್ಟು ಔಟ್? ರನ್ನರ್ ಎಲ್ಲಿ? ಚೆಂಡು ಬಂದ್ರೆ ಎಲ್ಲಿಗೆ ಎಸೀತೀರಿ?" ಉತ್ತರ ಬರದಿದ್ದರೆ ಚೆಂಡು ಹೊಡೆಯುತ್ತಲೇ ಇರಲಿಲ್ಲ.

ಕ್ಯಾಚ್ ವಿಷಯದಲ್ಲಿ ಕ್ರಿಕೆಟ್ ಆಡಿ ಬಂದವರಿಗೆ ಕೆಲವು ಅಭ್ಯಾಸ ಬಿಡಿಸಬೇಕಾಯಿತು. ಹೊಟ್ಟೆ ಹತ್ತಿರ ಬೆರಳು ಕೆಳಗೆ ಮಾಡಿ ಹಿಡಿಯುವುದು ಬೇಡ. ಬೆರಳು ಮೇಲೆ, ಎಸೆಯುವ ಕೈಯ ಭುಜದ ಮುಂದೆ, ಇನ್ನೊಂದು ಕೈ ಗ್ಲೌಸಿನ ಪಕ್ಕ. ಹಾಗೆ ಹಿಡಿದರೆ ಚೆಂಡು ತೆಗೆದು ಎಸೆಯಲು ಹೊತ್ತಾಗುವುದಿಲ್ಲ. ಅದು ಯಾಕೆ ಮುಖ್ಯ ಎಂದರೆ, ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿದ ಮೇಲೆ ಚೆಂಡು ಡೆಡ್. ಬೇಸ್‌ಬಾಲ್‌ನಲ್ಲಿ ಅಲ್ಲಿಂದಲೇ ಆಟ ಶುರು. ಫೀಲ್ಡರ್ ಚೆಂಡನ್ನು ಮುಟ್ಟಿದ ಕ್ಷಣದಿಂದ ರನ್ನರ್ ಬೇಸ್ ಬಿಟ್ಟು ಮುಂದೆ ಓಡಬಹುದು. ಸರ್ ಮೊಬೈಲ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ವಿಲ್ಲಿ ಮೇಸ್ ಅವರ 1954ರ ಸೆಪ್ಟೆಂಬರ್ 29ರ ಕ್ಯಾಚ್ ತೋರಿಸಿದರು. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್, ಅಲ್ಲಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ಬೆನ್ನು ಪ್ಲೇಟ್ ಕಡೆ ಮಾಡಿ ಓಡಿ, ಭುಜದ ಮೇಲಿಂದ ಬಂದ ಚೆಂಡನ್ನು ಹಿಡಿಯುತ್ತಾರೆ. ಎಲ್ಲರೂ ಆ ಕ್ಯಾಚ್ ನೋಡಿ ಹೋ ಅಂದರು. ಸರ್ ಮತ್ತೆ ಮತ್ತೆ ತೋರಿಸಿದ್ದು ಆಮೇಲಿನ ಅರ್ಧ ಕ್ಷಣವನ್ನು. ಹಿಡಿದ ವೇಗದಲ್ಲೇ ಸುತ್ತಿ ತಿರುಗಿ, ಟೋಪಿ ಬಿದ್ದರೂ ನೋಡದೆ, ಎಸೆಯುತ್ತಾರೆ. ಸೆಕೆಂಡ್ ಬೇಸಿನಲ್ಲಿದ್ದ ರನ್ನರ್‌ಗೆ ಮೂರನೆಯದಕ್ಕೆ ಹೋಗಲಷ್ಟೇ ಆಯಿತು, ಫಸ್ಟ್ ಬೇಸಿನವರು ಅಲ್ಲೇ ಉಳಿದರು.

ಥ್ರೋ ಪಾಠದ ದಿನ ಜಪಾನಿನ ಆಟಗಾರ ಇಚಿರೊ ಸುಜುಕಿ. 2001ರ ಏಪ್ರಿಲ್ 11ರಂದು ರೈಟ್ ಫೀಲ್ಡ್‌ನಿಂದ ನೇರ ಥರ್ಡ್ ಬೇಸ್‌ಗೆ ಎಸೆದು ರನ್ನರ್‌ನನ್ನು ಔಟ್ ಮಾಡಿದ್ದು. 2001ರಿಂದ 2010ರವರೆಗೆ ಪ್ರತಿ ವರ್ಷ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಪಡೆದವರು ಅವರು. ನಮ್ಮ ಗುಂಪಿನ ಹೆಣ್ಣುಮಕ್ಕಳಿಗೆ ಇಚಿರೊ ಬಹಳ ಇಷ್ಟವಾದರು, ಯಾಕೆಂದರೆ ಅವರ ಮೈಕಟ್ಟು ದೊಡ್ಡದಲ್ಲ.

ಎಸೆಯುವ ಮೊದಲು ಕ್ರೋ ಹಾಪ್. ಚೆಂಡಿನ ಹಿಂದಿನಿಂದ ಮುಂದೆ ಬರುತ್ತಾ ಹಿಡಿದು, ಬಲಗಾಲನ್ನು ಅಡ್ಡ ತಿರುಗಿಸಿ ಒಂದು ಸಣ್ಣ ನೆಗೆತ, ಎಡಗಾಲು ಗುರಿಯ ಕಡೆ, ಎಸೆತ. ಬೆರಳು ಹೊಲಿಗೆಗೆ ಅಡ್ಡ ಇರಬೇಕು, ಆಗ ಚೆಂಡು ಹಿಮ್ಮುಖ ಸುತ್ತುತ್ತಾ ನೇರ ಹೋಗುತ್ತದೆ. ಬೇಸ್‌ಬಾಲ್ ಚೆಂಡಿನ ತೂಕ 142ರಿಂದ 149 ಗ್ರಾಂ. ಗಂಡಸರ ಕ್ರಿಕೆಟ್ ಚೆಂಡು 156ರಿಂದ 163. ಬೇಸ್‌ಬಾಲ್ ಹಗುರ, ಆದರೆ ಗಾತ್ರದಲ್ಲಿ ಒಂಚೂರು ದೊಡ್ಡದು. ಕ್ರಿಕೆಟ್ ಹುಡುಗರು ಇದನ್ನು ಎತ್ತರಕ್ಕೆ ತೂರಿಬಿಡುತ್ತಾರೆ. ಸರ್ ಹೇಳಿದ್ದು, ಕಟ್‌ಆಫ್ ನಿಂತವನ, ಅಂದರೆ ನಡುವೆ ಚೆಂಡು ಹಿಡಿದು ಮುಂದಕ್ಕೆ ಎಸೆಯಲು ನಿಂತವನ, ತಲೆಯ ಮಟ್ಟಕ್ಕೆ ಎಸೆಯಿರಿ. ದೊಡ್ಡ ಮೈದಾನದಲ್ಲಿ ಸೆಂಟರ್ ಫೀಲ್ಡ್‌ನ ಬೇಲಿ ಪ್ಲೇಟ್‌ನಿಂದ 122 ಮೀಟರ್ ಇರುತ್ತದೆ. ಕ್ರಿಕೆಟ್ ಬೌಂಡರಿ ಜಾಸ್ತಿ ಅಂದರೆ 82 ಮೀಟರ್. ಅಷ್ಟು ದೂರದಿಂದ ಒಬ್ಬನೇ ಎಸೆಯುವುದಕ್ಕಿಂತ ಇಬ್ಬರು ತಗ್ಗಾಗಿ ಎಸೆದರೆ ಬೇಗ ತಲುಪುತ್ತದೆ. ಗಡಿಯಾರ ಹಿಡಿದೇ ತೋರಿಸಿದರು.

ಕೂಗುವುದನ್ನೂ ಕಲಿಸಿದರು. "ನಂದು, ನಂದು, ನಂದು" ಅಂತ ಜೋರಾಗಿ. ಸೆಂಟರ್‌ನವಳು ಕೂಗಿದರೆ ಲೆಫ್ಟ್, ರೈಟ್ ಇಬ್ಬರೂ ಬಿಡಬೇಕು. ಹಿಂದಿನಿಂದ ಮುಂದೆ ಬರುವ ಔಟ್‌ಫೀಲ್ಡರ್ ಕೂಗಿದರೆ ಹಿಂದಕ್ಕೆ ಓಡುತ್ತಿರುವ ಇನ್‌ಫೀಲ್ಡರ್ (ಬೇಸ್ ಹತ್ತಿರ ನಿಲ್ಲುವವಳು) ಬಿಡಬೇಕು. ಬಿಟ್ಟವರು ಸುಮ್ನೆ ನಿಲ್ಲುವಂತಿಲ್ಲ, ಅವಳ ಹಿಂದೆ ಹೋಗಿ ಬ್ಯಾಕ್‌ಅಪ್ ನಿಲ್ಲಬೇಕು. ಇನ್‌ಫೀಲ್ಡ್‌ನವರು ಫಸ್ಟ್ ಬೇಸ್‌ಗೆ ಎಸೆದಾಗೆಲ್ಲ ರೈಟ್ ಫೀಲ್ಡರ್ ಆ ಕಡೆ ಓಡಿ ಬರಬೇಕು. ಇಡೀ ಪಂದ್ಯದಲ್ಲಿ ಒಂದು ಚೆಂಡೂ ಬರದಿರಬಹುದು, ಓಡುವುದಂತೂ ತಪ್ಪುವುದಿಲ್ಲ. ನಾಚಿಕೆಯಿಂದ ಬಾಯಿ ಬಿಡದ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಮೈದಾನದ ನಡುವೆ ನಿಂತು "ನಂದು" ಅಂತ ಕೂಗಿಸಿದ್ದಕ್ಕೆ ಈ ಶಿಬಿರಕ್ಕೆ ನಾನು ಯಾವತ್ತೂ ಋಣಿ.

ಈಗ ಸರಿ ಇಲ್ಲದ್ದು. ದೊಡ್ಡ ಕೊರತೆ, ಎಡಗೈಯಲ್ಲಿ ಎಸೆಯುವವರಿಗೆ ಒಂದೂ ಗ್ಲೌಸ್ ಇರಲಿಲ್ಲ. ಸಂಡೂರಿನಿಂದ ಬಂದಿದ್ದ ಒಬ್ಬ ಹುಡುಗಿ ಎಡಗೈಯವಳು. ಎಡಗೈಗೇ ಗ್ಲೌಸ್ ಹಾಕಿಕೊಂಡು ಹಿಡಿದು, ಕಿತ್ತು, ಆಮೇಲೆ ಎಸೆಯುತ್ತಿದ್ದಳು. ಗುಂಪಿನಲ್ಲೇ ಒಳ್ಳೆಯ ಕೈ ಅವಳದು. ಶುಲ್ಕ ಎಲ್ಲರಿಗೂ ಒಂದೇ ತಗೊಂಡ ಮೇಲೆ ಇದು ಅನ್ಯಾಯ ಅಲ್ವಾ? ಒಂದೆರಡು ಗ್ಲೌಸ್ ತರಿಸುವುದು ದೊಡ್ಡ ಮಾತಲ್ಲ.

ಇದ್ದ ಗ್ಲೌಸ್‌ಗಳಲ್ಲೂ ಅರ್ಧ ಇನ್‌ಫೀಲ್ಡ್‌ನವು, ಹನ್ನೊಂದೂವರೆ ಇಂಚಿನವು. ಔಟ್‌ಫೀಲ್ಡ್‌ಗೆ 12.5 ಅಥವಾ 12.75 ಇಂಚು ಬೇಕು. ನಿಯಮದ ಮಿತಿ 13. ಬೆರಳು ಉದ್ದ, ಜಾಳಿಗೆ ಆಳ ಇದ್ದರೆ ಓಡುತ್ತಾ ಚಾಚಿ ಹಿಡಿದ ಚೆಂಡು ಜಾರುವುದಿಲ್ಲ. ಸ್ವಂತ ಗ್ಲೌಸ್ ಕೊಳ್ಳುವವರಿಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಆರ್‌ಎಚ್‌ಟಿ ಎಂದಿದ್ದರೆ ಅದು ಬಲಗೈಯಲ್ಲಿ ಎಸೆಯುವವರಿಗೆ, ಹಾಕಿಕೊಳ್ಳುವುದು ಎಡಗೈಗೆ. ಎಲ್‌ಎಚ್‌ಟಿ ಇದಕ್ಕೆ ಉಲ್ಟಾ. ಹೊಸ ಗ್ಲೌಸ್ ಕಟಕ ರೊಟ್ಟಿಯ ಹಾಗೆ ಗಟ್ಟಿ ಇರುತ್ತದೆ. ಮೆತ್ತಗಾಗಲಿ ಎಂದು ಕೊಬ್ಬರಿ ಎಣ್ಣೆ ಸುರಿಯಬೇಡಿ, ಚರ್ಮ ಎಣ್ಣೆ ಕುಡಿದು ಭಾರವಾಗುತ್ತದೆ. ದಿನಾ ಚೆಂಡು ಹಿಡಿಯುತ್ತಿದ್ದರೆ ತಾನೇ ಮೆತ್ತಗಾಗುತ್ತದೆ. ನನ್ನ ಗ್ಲೌಸಿನ ದಾರ ಕಿತ್ತಾಗ ಬ್ರೂಸ್‌ಪೇಟೆಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಚರ್ಮದ ದಾರ ಪೋಣಿಸಿ ಕೊಟ್ಟರು. ಮೊದಲಿಗಿಂತ ಗಟ್ಟಿಯಾಗಿದೆ.

ಎರಡನೆಯದು, ಎಸೆತ ಅತಿಯಾಯಿತು. ಎರಡನೇ ವಾರ ಕ್ರೋ ಹಾಪ್ ಮತ್ತು ದೂರದ ಥ್ರೋ ಒಂದೇ ಸಮನೆ ಮಾಡಿಸಿದರು. ಹದಿನಾಲ್ಕು, ಹದಿನೈದರ ಮಕ್ಕಳ ಭುಜ ಮೊಣಕೈ ಇನ್ನೂ ಬೆಳೆಯುತ್ತಿರುತ್ತವೆ. ಒಂದು ದಿನ ಎಸೆದರೆ ಮರುದಿನ ಬರೀ ಪಾದ, ಬರೀ ಕ್ಯಾಚ್ ಇಡಬಹುದಿತ್ತು. ಸರ್‌ಗೆ ಹೇಳಿದೆ. "ಹೌದ್ರೀ ಮೇಡಂ, ದಿನ ಕಡಿಮೆ ಅದಾವಲ್ರಿ" ಅಂದರು. ದಿನ ಕಡಿಮೆ ಇದ್ದರೆ ಪಾಠ ಕಡಿಮೆ ಮಾಡಬೇಕು, ಮಕ್ಕಳ ಭುಜಕ್ಕೆ ಜಾಸ್ತಿ ಕೆಲಸ ಕೊಡಬಾರದು. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ.

ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ನೆರಳು ಅಂದರೆ ಒಂದು ಬೇವಿನ ಮರ. ಕುಡಿಯುವ ನೀರಿನ ಕ್ಯಾನ್ ಎಂಟು ಗಂಟೆಗೆಲ್ಲ ಖಾಲಿ. ಚೆಂಡುಗಳಲ್ಲಿ ಹಲವು ಹೊಲಿಗೆ ಬಿಟ್ಟವು, ಅಂಥವು ಗಾಳಿಯಲ್ಲಿ ನೇರ ಹೋಗುವುದಿಲ್ಲ, ಹೊಸಬರಿಗೆ ತಪ್ಪು ಅಂದಾಜು ಕಲಿಸುತ್ತವೆ. ಒಂದು ಒಳ್ಳೆಯದು, ಅವರ ಬಳಿ ಫಂಗೊ ಬ್ಯಾಟ್ ಇದೆ. ಉದ್ದ, ತೆಳು, ಹಗುರ. ಅಭ್ಯಾಸಕ್ಕೆ ಎತ್ತಿ ಹೊಡೆಯಲು ಅಂತಲೇ ಮಾಡಿದ್ದು. ಅದರಲ್ಲಿ ಸರ್ ಹೇಳಿದ ಜಾಗಕ್ಕೆ ಚೆಂಡು ಇಳಿಸುತ್ತಿದ್ದರು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಎಡಗೈ ಗ್ಲೌಸ್ ಮತ್ತು ಶೌಚಾಲಯಕ್ಕೆ ಹೋಯಿತು. ಕಲಿಸಿದ್ದಕ್ಕೆ ಪೂರ್ತಿ ಐದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಜೊತೆ ಬೇಸ್‌ಬಾಲ್, ಸಾಫ್ಟ್‌ಬಾಲ್ ಕೂಡ ಇವೆ. ಮಕ್ಕಳು ಟಿವಿಯಲ್ಲಿ ನೋಡಿ ಕೇಳುತ್ತಾರೆ, ಆಗ ಹೇಳಿಕೊಡುವ ದೈಹಿಕ ಶಿಕ್ಷಕರು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಇರಬೇಕು. ದಯವಿಟ್ಟು ಶಿಕ್ಷಕರು ಮುಂದಿನ ಸಲ ಹೋಗಿ.

ದಸರಾ ರಜೆಗೆ ಇನ್ನೊಂದು ಶಿಬಿರ ಮಾಡುವ ಮಾತಿದೆ. ಹೋಗುವವರು ಅಗಲ ಅಂಚಿನ ಕ್ಯಾಪ್, ಎರಡು ಬಾಟಲಿ ನೀರು, ಗಟ್ಟಿ ಅಡಿಯ ಬೂಟು ತಗೊಂಡು ಹೋಗಿ. ಎಡಗೈಯವರು ದುಡ್ಡು ಕಟ್ಟುವ ಮೊದಲೇ ಗ್ಲೌಸ್ ಇದೆಯಾ ಎಂದು ಕೇಳಿ. ಇಲ್ಲ ಅಂದರೆ ತರಿಸಿ ಎಂದು ಹೇಳಿ. ನಾನೂ ಹೇಳಿ ಬಂದಿದ್ದೇನೆ.